ಐದು ಅಂಕಕ್ಕೆ ಟಿಪ್ಪಣಿ

ಕಪ್ಪು ಹಲಗೆಯ ಮೇಲೆ ಬರೆದೆ: ಆಧುನಿಕೋತ್ತರ.
ಬಿಡಿಸಿ ತೋರಿಸಿದೆ. ಆಧುನಿಕ, ಕೂಡಿಸು, ಉತ್ತರ.
ಗುಣಸಂಧಿ. ಅಷ್ಟು ಮಾತ್ರ ಖಾತ್ರಿ.

ಉತ್ತರ ಅಂದರೆ ಆಮೇಲಿನದು, ಅಂದೆ.
'ಉತ್ತರ ಅಂದ್ರೆ ಜವಾಬಲ್ವಾ ಸಾರ್?' ಅಂತು ಮುಂದಿನ ಬೆಂಚು.
'ಸಿರುಗುಪ್ಪದ ಕಡೀಗೆ ಉತ್ತರ,' ಕಿಟಕಿ ಪಕ್ಕದ ಪಂಪನಗೌಡ,
ಊರ ಬಸ್ಸಿನ ಹೊತ್ತು ನೋಡುತ್ತಲೇ ಇದ್ದವನು.
ಮೂರೂ ಸರಿ. ಮೂರನ್ನೂ ಕೂಡಿಸಿದರೆ
ಏನೂ ಹೇಳಿದಂತಾಗುವುದಿಲ್ಲ.

ರಾತ್ರಿ ಬರೆದುಕೊಂಡ ನೋಟ್ಸಿನಲ್ಲಿ ವ್ಯಾಖ್ಯೆ ಹನ್ನೊಂದು.
ಒಂದು ಕೂರುವಷ್ಟರಲ್ಲಿ ಇನ್ನೊಂದು
ಅದರ ಕುರ್ಚಿ ಎಳೆದಿರುತ್ತಿತ್ತು.
ಕೊನೆಯದು: ವ್ಯಾಖ್ಯೆಗೆ ಸಿಗದ್ದೇ ಅದರ ವ್ಯಾಖ್ಯೆ.
ಬಲು ಜಾಣ ಮಾತು. ಐದರಲ್ಲಿ ಎರಡು ಅಂಕ ಬಂದಾವು.
(ಅತಿಥಿ ಉಪನ್ಯಾಸಕ ನಾನು. ಆ ಪದಕ್ಕೂ
ಇಲ್ಲಿ ವ್ಯಾಖ್ಯೆಯಿಲ್ಲ. ಬಂದು ಹದಿನಾಲ್ಕು ವರ್ಷ,
ಊಟಕ್ಕೆ ಏಳಿ ಅಂತ ಯಾರೂ ಅಂದಿಲ್ಲ.)

ಕಿಟಕಿಯಾಚೆ ಕುಂಬಾರ ಗುಡ್ಡ ತೋರಿಸಿದೆ:
ದೂರಕ್ಕೆ ಮನುಷ್ಯನ ಮುಖ, ಮೂಗು, ಗದ್ದ,
ಹತ್ತಿರ ಹೋದರೆ ಬರೀ ಬಂಡೆ, ಸಂದಿಯಲ್ಲಿ ಓತಿಕ್ಯಾತ.
ಹಾಗೆ, ಅಂದೆ. ಬರೆದುಕೊಂಡರು.
ಓತಿಕ್ಯಾತ ಅಂತಲೂ ಬರೆದುಕೊಂಡರು.

ಮಾಬುನ್ನಿ ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತಳು.
'ನಮ್ಮಣ್ಣ ಹೊನ್ನೂರ್‌ವಲಿ ಕೌಲ್‌ಬಜಾರಲ್ಲಿ ಅದನ್ನೇ ಮಾಡ್ತಾನೆ ಸಾರ್.
ಜೀನ್ಸು. ಹೊಸಾದನ್ನ ಹಳೇದು ಮಾಡೋ ಕೆಲ್ಸ.'

ರಬ್ಬರಿನ ಕಾಲಿಗೆ ಗಾಳಿ ತುಂಬಿ ಪ್ಯಾಂಟು ಏರಿಸಿ
ಉಪ್ಪುಕಾಗದದಲ್ಲಿ ತೊಡೆ ಉಜ್ಜಬೇಕು,
ಹತ್ತು ವರ್ಷ ಉಟ್ಟ ಹಾಗೆ, ಹನ್ನೆರಡು ನಿಮಿಷದಲ್ಲಿ.
ನೆಲಕ್ಕೆ ಊರದ ಮಂಡಿಗೆ ಸವೆತ,
ಯಾರ ಕೈಯೂ ಹೋಗದ ಜೇಬಿನಂಚಿಗೆ ಮಾಸಲು.
ಆಮೇಲೆ ಬ್ಲೇಡು. ಬೀಳದವನ ಬೀಳುವಿಕೆಯನ್ನು
ಅಳತೆಪಟ್ಟಿ ಇಟ್ಟು ಗೀರಬೇಕು,
ಎಡಕ್ಕೆ ಮೂರು, ಬಲಕ್ಕೆ ಎರಡು.
ಪೀಸಿಗೆ ನಾಲ್ಕು ರೂಪಾಯಿ. ಮೋರಿ ತುಂಬ ನೀಲಿ.
ಸೊಂಟದ ಚೀಟಿಯಲ್ಲಿರುವುದು ಯಾವ ಊರೋ,
ಬಳ್ಳಾರಿಯಂತೂ ಅಲ್ಲ.

'ಅವನ ಪ್ಯಾಂಟೂ ಮಂಡೀಲಿ ಹರಿದೈತೆ ಸಾರ್.
ಅದು ಸುಮ್ನೆ ಹರಿದದ್ದು.'

ಕ್ಲಾಸು ನಕ್ಕಿತು. ಇಷ್ಟಕ್ಕೇ ನಿಂತಿದ್ದರೆ
ಒಳ್ಳೇ ಉದಾಹರಣೆ. ಸೀಮೆಸುಣ್ಣ ಎತ್ತಿಯೂ ಇದ್ದೆ.
ಅವಳು ಮುಗಿಸಿರಲಿಲ್ಲ.

ಹೋದ ತಿಂಗಳು, ಬಿಟ್ಟ ದಾರ ಕತ್ತರಿಸಲಿಕ್ಕೆ
ಒಂದು ಗಂಟು ಮನೆಗೆ ಬಂತು, ಇಪ್ಪತ್ತು ಪೀಸು.
ಅಮ್ಮಿ ಖಾಸಿಂಬಿಗೆ ಕಣ್ಣು ಮಂಜು, ಕೈ ಚುರುಕು.
ಯಾರ ಮಕ್ಕಳೋ, ಇಷ್ಟು ಮಂದಿ ಎಲ್ಲಿ ಬಿದ್ದರೋ ಅಂತ
ಕರೆಂಟು ಹೋದ ರಾತ್ರಿ ಚಾರ್ಜರ್ ಲೈಟು ಪಕ್ಕಕ್ಕಿಟ್ಟು
ಬೆಳಗಿನ ಆಜಾನಿನೊಳಗೆ
ಇಪ್ಪತ್ತಕ್ಕೆ ಇಪ್ಪತ್ತೂ ರಫೂ ಮಾಡಿಟ್ಟಿದ್ದಳು.
ನೀಲಿ ದಾರ ತೀರಿದಲ್ಲಿ ಹಸಿರು.

ಮಾಲೀಕ ಅಷ್ಟನ್ನೂ ರಿಜೆಕ್ಟ್ ಮಾಡಿದ,
ವಾರದ ಪಗಾರ ಮುರಿದುಕೊಂಡ.
ಹೊನ್ನೂರ್‌ವಲಿ ಅಮ್ಮನಿಗೆ ಏನೂ ಅನ್ನಲಿಲ್ಲವಂತೆ.
ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ
ಗಟ್ಟಿ ಐತೆ, ಅಂದನಂತೆ.

'ಇದಕ್ಕೇನಂತಾರೆ ಸಾರ್?'

ಹನ್ನೊಂದು ವ್ಯಾಖ್ಯೆ ನನ್ನ ಜೇಬಿನಲ್ಲಿ ಮಡಚಿಕೊಂಡಿದ್ದವು.
ಪುಣ್ಯಕ್ಕೆ ಬೆಲ್ಲು ಹೊಡೆಯಿತು.
ಪಂಪನಗೌಡ ಉತ್ತರಕ್ಕೆ ಓಡಿದ.

ಪ್ರಶ್ನೆ ಈ ಸಲವೂ ಬಂದಿದೆ, ಐದು ಅಂಕಕ್ಕೆ, ಟಿಪ್ಪಣಿ ಬರೆಯಿರಿ.
ಅವಳು ಬರೆದದ್ದು ನನ್ನ ಕೈಗೆ ಬರುವುದಿಲ್ಲ,
ತಿದ್ದಲಿಕ್ಕೆ ಬೇರೆ ಊರಿಗೆ ಹೋಗುತ್ತದೆ.

ನೂರಿಪ್ಪತ್ತು ಕೊಟ್ಟು ಒಂದು ರಿಜೆಕ್ಟ್ ಪೀಸು ತಂದಿದ್ದೇನೆ.
ಸೊಂಟ ಒಂದಿಂಚು ಸಡಿಲ.
ಕೂತಾಗ ಎಡ ಮಂಡಿಗೆ
ಹಸಿರು ದಾರದ ಗಂಟು ಒತ್ತುತ್ತದೆ, ಸ್ವಲ್ಪ.